ಕಡವೆ ಬೇಟೆಗೆ ಹೂವಪ್ಪನವರ ಬಿಲ್ಲು

ಹೂವಪ್ಪನವರು ಜನ್ಮದಲ್ಲಿ ಒಂದು ಸೊಳ್ಳೆಯನ್ನೂ ಗುರಿಯಿಟ್ಟು ಹೊಡೆದವರಲ್ಲ. ಹೊಡೆಯಲು ಕೈಯೆತ್ತಿದರೆ ಸೊಳ್ಳೆ ಹಾರಿಹೋಗಿ ಪೆಟ್ಟು ಅವರ ಕೆನ್ನೆಗೇ ಬೀಳುತ್ತಿತ್ತು. ಇಂಥವರು ಬಿಲ್ಲು ಹಿಡಿದು ಕಡವೆ ಬೇಟೆಗೆ ಹೊರಟರೆಂದರೆ ಅದಕ್ಕೆ ಕಾರಣ ಶೌರ್ಯವಲ್ಲ, ಕೋಡುಬಳೆ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಹೂವಪ್ಪನವರು ಭದ್ರಾವತಿಯ ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತರು. ಮನೆ ಶಿವಮೊಗ್ಗದಲ್ಲಿ, ನಮ್ಮ ಮನೆಯ ಎದುರಿಗೇ. ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ರೈಲಿನಲ್ಲಿ ಬರುತ್ತಿದ್ದರು. ಅವರ ಒಬ್ಬಳೇ ಮಗಳು ಶಾಂತ. ಅದುವರೆಗೆ ನೋಡಲು ಬಂದ ಹುಡುಗರನ್ನೆಲ್ಲ ಒಬ್ಬನ ಮೂಗು ಸರಿಯಿಲ್ಲ, ಇನ್ನೊಬ್ಬನ ನಗು ಸರಿಯಿಲ್ಲ ಎಂದು ವಾಪಸ್ಸು ಕಳಿಸಿದವಳು, ಆಯನೂರಿನ ರಾಮಚಂದ್ರಪ್ಪ ಗೌಡರ ಮಗ ಕೃಷ್ಣಪ್ಪ ಬಂದು ಕುಳಿತ ದಿನ ಮಾತ್ರ ಯಾವ ತಕರಾರನ್ನೂ ಎತ್ತಲಿಲ್ಲ. ಕೃಷ್ಣಪ್ಪನಿಗೂ ಭದ್ರಾವತಿ ಕಾರ್ಖಾನೆಯಲ್ಲೇ ಕೆಲಸ. ಹುಡುಗಿ ಒಪ್ಪಿದ್ದಳು, ಹುಡುಗ ಒಪ್ಪಿದ್ದ. ಒಪ್ಪಬೇಕಾಗಿದ್ದದ್ದು ಗೌಡರೊಬ್ಬರೇ.

ರಾಮಚಂದ್ರಪ್ಪ ಗೌಡರು ಬೇಟೆಯ ಹುಚ್ಚಿನವರು. ಹೆಣ್ಣು ನೋಡಲು ಬಂದವರು ಹೆಣ್ಣನ್ನು ಒಂದು ಸಲ ನೋಡಿ, ಉಳಿದ ಹೊತ್ತೆಲ್ಲ ಕಾಡಿನ ಮಾತೇ ಆಡಿದರು.

"ಏನು ಹೇಳ್ಲಿ ಮಾರಾಯ್ರೆ, ಯುದ್ಧ ಶುರುವಾದಾಗಿಂದ ಕೋವಿಗೆ ತೋಟಾನೇ ಸಿಗಲ್ಲ. ಮೊದ್ಲೆಲ್ಲ ನನ್ನ ಕೆಮ್ಮು ಕೇಳಿದ್ರೆ ಕಡವೆ ಓಡೋವು. ಈಗ ನಿಂತು ನೋಡ್ತವೆ. ನಾನು ಕೋವಿ ಎತ್ತಿದ್ರೂ ಮೇಯೋದು ನಿಲ್ಸಲ್ಲ. ಮರ್ಯಾದೆ ಹೋಯ್ತು."

ಹೀಗೆ ಹೇಳಿ ಗೌಡರು ಒಂದು ಕೋಡುಬಳೆಯನ್ನು ಬಾಯಿಗಿಟ್ಟರು. ಕೋಡುಬಳೆ ಗಟ್ಟಿಯಾಗಿತ್ತು. ಅದು ಮುರಿದು ನುರಿದು ಒಳಗೆ ಹೋಗುವವರೆಗೆ ಯಾರೂ ಮಾತಾಡುವ ಹಾಗಿರಲಿಲ್ಲ. ಹೂವಪ್ಪನವರಿಗೆ ಮೌನವೆಂದರೆ ಆಗದು. ಸಭೆಯಲ್ಲಿ ಮೌನ ಬಿದ್ದರೆ ತಮ್ಮದೇ ತಪ್ಪೆಂದು ತಿಳಿದು, ಸಿಕ್ಕಿದ ಮಾತನ್ನು ತೆಗೆದು ಅದರೊಳಗೆ ತುಂಬುವ ಸ್ವಭಾವ ಅವರದು.

"ತೋಟಾ ಯಾಕೆ ಬೇಕು ಗೌಡ್ರೆ?" ಎಂದರು. "ನಮ್ಮ ತಾತ ಬಿಲ್ಲಲ್ಲೇ ಕಡವೆ ಹೊಡೀತಿದ್ರು."

ಆ ತಾತ ವೀಳ್ಯದೆಲೆ ವ್ಯಾಪಾರಿ. ಎದುರಿಗೆ ಎಮ್ಮೆ ಬಂದರೆ ಬೀದಿ ಬದಲಾಯಿಸುತ್ತಿದ್ದರೆಂದು ನಮ್ಮ ಕಡೆಯ ಹಿರಿಯರೆಲ್ಲ ಬಲ್ಲರು. ಆದರೆ ಗೌಡರು ಬಲ್ಲವರಲ್ಲ. ಅವರು ಅರ್ಧ ಕೋಡುಬಳೆಯನ್ನು ತಟ್ಟೆಯಲ್ಲಿಟ್ಟು ಮುಂದಕ್ಕೆ ಬಾಗಿದರು.

"ಬಿಲ್ಲಲ್ಲಿ? ಕಡವೆನ? ನಿಮಗೂ ಬರತ್ತಾ?"

"ಅದೆಲ್ಲ ಕಲಿಯೋದಲ್ಲ ಗೌಡ್ರೆ. ರಕ್ತದಲ್ಲೇ ಬರತ್ತೆ."

"ಹಂಗಾದ್ರೆ ಮುಂದಿನ ಭಾನುವಾರ ಬೆಳಿಗ್ಗೆ ಆಯನೂರಿಗೆ ಬನ್ನಿ, ಕಾಡಿನ ಅಂಚಲ್ಲಿ ಕಾದಿರ್ತೀವಿ. ನಾವು ಹಳುವಿಗೆ ನುಗ್ಗಿ ಕಡವೆ ಎಬ್ಬಿಸ್ತೀವಿ, ನೀವು ಹೊಡೀರಿ. ನಮ್ಮವ್ವ ಭದ್ರಾವತಿಲಿ ನನ್ನ ತಂಗಿ ಮನೇಲಿದ್ದಾಳೆ, ಅವತ್ತು ಅವಳೂ ಬರ್ತಾಳೆ. ಸಂಜೆ ಅವಳ ಮುಂದೇನೇ ತಾಂಬೂಲ ಬದಲಾಯಿಸಿಬಿಡೋಣ. ಬಿಲ್ಲು ಹಿಡಿಯೋ ಮನೆ ಹೆಣ್ಣು ಅಂದ್ರೆ ನಮಗೂ ಒಂದು ಹೆಮ್ಮೆ."

ಗೌಡರು ಹೋದ ಮೇಲೆ ಹೂವಪ್ಪನವರ ಹೆಂಡತಿ ಸಾವಿತ್ರಮ್ಮ ಬಾಗಿಲು ಹಾಕಿ ಬಂದು ನಿಂತರು. "ನಿಮ್ಮ ರಕ್ತದಲ್ಲಿ ಇರೋದು ಸಕ್ಕರೆ ಒಂದೇ ಅಂತ ಡಾಕ್ಟ್ರು ಹೇಳಿದ್ದಾರೆ. ಕಡವೆ ಎಲ್ಲಿಂದ ಬಂತು?"

ಶಾಂತ ಅಡುಗೆಮನೆಯ ಬಾಗಿಲಿನ ಮರೆಯಿಂದ ಹೇಳಿದಳು: "ಅಪ್ಪ, ಕಡವೆ ತಪ್ಪಿಸಿಕೊಂಡ್ರೆ ಹೋಗ್ಲಿ. ಅವರನ್ನ ಮಾತ್ರ ತಪ್ಪಿಸಿಕೊಳ್ಳೋಕೆ ಬಿಡಬೇಡಿ." ಹೀಗೆ ಹೇಳಿ ತಾನೇ ನಾಚಿಕೊಂಡು ಒಳಗೆ ಓಡಿದಳು. ಮಗಳ ಬಾಯಲ್ಲಿ ಈ ಮಾತು ಬಂದ ಮೇಲೆ ಹೂವಪ್ಪನವರಿಗೆ ಹಿಂದಕ್ಕೆ ಹೋಗುವ ದಾರಿ ಉಳಿಯಲಿಲ್ಲ. ಬಿಲ್ಲೊಂದು ಬೇಕಾಯಿತು.

ಬಿಲ್ಲಿನ ವಿಷಯದಲ್ಲಿ ನಮ್ಮ ಬೀದಿಗೆಲ್ಲ ಪಂಡಿತರೆಂದರೆ ನಿವೃತ್ತ ಲಿಂಗಪ್ಪ ಮೇಷ್ಟ್ರು. ಅವರು ಬಿಲ್ಲನ್ನು ಮುಟ್ಟಿದವರಲ್ಲ, ಮಾಂಸವನ್ನಂತೂ ಮೊದಲೇ ಮುಟ್ಟಿದವರಲ್ಲ. ಆದರೆ ತಾಳಮದ್ದಲೆಯಲ್ಲಿ ಕುಳಿತ ಕಡೆಯಿಂದಲೇ ಅವರು ಬಾಯಿಮಾತಿನಲ್ಲಿ ಬಿಟ್ಟ ಬಾಣಗಳಿಗೆ ಲೆಕ್ಕವಿಲ್ಲ. ಎಷ್ಟೋ ಸೈನ್ಯಗಳು ಅವರ ಮಾತಿನಲ್ಲೇ ನೆಲಕಚ್ಚಿವೆ. ಹೂವಪ್ಪನವರು ಸಂಕಟ ಹೇಳಿಕೊಂಡಾಗ ಮೇಷ್ಟ್ರು ಕಣ್ಣು ಮುಚ್ಚಿ, ಶಾಲು ಸರಿಪಡಿಸಿಕೊಂಡು ಹೇಳಿದರು:

"ನೋಡಿ ಹೂವಪ್ಪ, ಬಿಲ್ಲಿಗೆ ಉದ್ದ ನೋಡಬಾರದು, ಬಿದಿರು ನೋಡಬಾರದು. ಠೇಂಕಾರ ನೋಡ್ಬೇಕು! ಪುರಾಣದಲ್ಲಿ ಯಾವ ವೀರನಾದ್ರೂ ಬಿಲ್ಲಿನ ತೂಕ ಕೇಳಿದ್ದಾನಾ? ಹೆದೆ ಮೀಟಿದ ಕೂಡಲೇ ಎದುರಿನವನ ಎದೆ ಒಡೀಬೇಕು. ಎದೆ ಒಡೆದ ಮೇಲೆ ಬಾಣ ಬರೀ ಉಪಚಾರಕ್ಕೆ."

ಇದು ಹೂವಪ್ಪನವರಿಗೆ ಬಹಳ ಹಿಡಿಸಿತು. ಗುರಿಯಿಡುವ ಕಷ್ಟವೇ ಇಲ್ಲದ ಬೇಟೆಯ ಕ್ರಮವನ್ನು ಅವರು ಅದುವರೆಗೆ ಕೇಳಿರಲಿಲ್ಲ.

ಮೊದಲು ತುಂಗಾ ದಡದ ಮೇದಾರರ ಹತ್ತಿರ ಒಂದು ಬಿದಿರಿನ ಬಿಲ್ಲು ಮಾಡಿಸಿ ತಂದರು. ನೋಡಲು ಲಕ್ಷಣವಾಗಿತ್ತು. ಅದರ ಪರೀಕ್ಷೆಗೆ ನಾವೆಲ್ಲ ಜಗಲಿಯ ಮೇಲೆ ಸೇರಿದೆವು. ಹೂವಪ್ಪನವರು ಹೆದೆಯನ್ನು ಎಳೆದು ಬಿಟ್ಟರು. 'ಪುಸ್' ಎಂದಿತು. ಮೇಷ್ಟ್ರು ಮತ್ತೊಮ್ಮೆ ಎಂದರು. ಮತ್ತೊಮ್ಮೆಯೂ 'ಪುಸ್' ಎಂದಿತು. ಬಾಣ ಮಾತ್ರ ಹೋಗಿ ಎದುರಿನ ನಮ್ಮ ಮನೆಯ ತೆಂಗಿನ ಮರಕ್ಕೆ ಸರಿಯಾಗಿ ನಾಟಿಕೊಂಡಿತು. ಆದರೆ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಬೇಡ," ಎಂದರು ಮೇಷ್ಟ್ರು. "ಇದು ಮೊರ ಹೆಣೆಯೋ ಬಿದಿರು. ಈ ಸದ್ದಿಗೆ ಕಡವೆಗೆ ಎದೆ ಒಡೆಯಲ್ಲ, ನಗು ಬರತ್ತೆ."

ಬಿದಿರಿನ ಬಿಲ್ಲು ಸಾವಿತ್ರಮ್ಮನವರ ಹಿತ್ತಲಿನಲ್ಲಿ ಹೀರೆಬಳ್ಳಿಗೆ ಆಸರೆಯಾಯಿತು.

ಮರುದಿನ ಹೂವಪ್ಪನವರು ಭದ್ರಾವತಿಯಲ್ಲಿ ತಮ್ಮ ಸ್ನೇಹಿತ ಖಾಜಾ ಪೀರನ ಮುಂದೆ ವಿಷಯ ತೆಗೆದರು. ಖಾಜಾ ಪೀರ್ ಫಿಟ್ಟರು. ಮನೆಯ ಹಿಂದೆ ಒಂದು ಸಣ್ಣ ಕುಲುಮೆ ಇಟ್ಟುಕೊಂಡು ಊರಿನ ಕೊಡಲಿ ಕತ್ತಿಗಳನ್ನೆಲ್ಲ ಹದ ಮಾಡಿಕೊಡುತ್ತಿದ್ದ. ಜಗತ್ತಿನಲ್ಲಿ ಉಕ್ಕಿನಿಂದ ಆಗದ ಕೆಲಸವಿದೆ ಎಂದರೆ ಅವನಿಗೆ ಕೋಪ ಬರುತ್ತಿತ್ತು.

"ಕಬ್ಬಿಣದ ಊರಲ್ಲಿ ಕೆಲಸ ಮಾಡ್ಕೊಂಡು ಬಿದಿರು ಹಿಡೀತೀರಾ ಸಾಬ್? ಶರಮ್ ಆಗಲ್ವಾ? ಗುಜರೀಲಿ ತಗೊಂಡ ಲಾರಿ ಸ್ಪ್ರಿಂಗ್ ಪಟ್ಟಿ ಇದೆ ನನ್ನ ಹತ್ರ. ಅದಕ್ಕೆ ಹೆದೆ ಕಟ್ಟಿಕೊಡ್ತೀನಿ. ಕಡವೆ ಏನು, ಆನೇನೇ ಹೊಡೀರಿ."

ಲಾರಿ ಪಟ್ಟಿಗೆ ಹೆದೆ ಕಟ್ಟಬೇಕಾದರೆ ಅದು ಬಗ್ಗಬೇಕು. ಖಾಜಾ ಪೀರ್ ಅದನ್ನು ಎರಡು ಕಲ್ಲುಗಳ ನಡುವೆ ಸಿಕ್ಕಿಸಿ ಪಕ್ಕದ ಮನೆಯ ತಮಿಳು ಖಲಾಸಿಗಳನ್ನು ಕರೆದ. ಅವರು "ಇಳು ಅಣ್ಣೇ, ಇಳು!" ಎಂದು, ಎಳಿ ಎಳಿ ಎಂಬ ಅರ್ಥದಲ್ಲಿ ಕೂಗುತ್ತ, ಎರಡು ತುದಿಗೂ ಜೋತುಬಿದ್ದರು. ಹೂವಪ್ಪನವರೂ ಸುಮ್ಮನಿರಲಾರದೆ ನಡುವೆ ಕೈ ಹಾಕಿದರು. ಪಟ್ಟಿ ಬಗ್ಗಲಿಲ್ಲ, ಬಗ್ಗಿದ್ದು ಹೂವಪ್ಪನವರ ಸೊಂಟ. ಅದನ್ನು ನೆಟ್ಟಗೆ ಮಾಡಲು ಖಲಾಸಿಗಳು ಎರಡನೆಯ ಸಲ "ಇಳು ಅಣ್ಣೇ" ಎನ್ನಬೇಕಾಯಿತು.

"ಹೋಗ್ಲಿ ಬಿಡಿ," ಎಂದ ಖಾಜಾ ಪೀರ್. "ಬಿಲ್ಲು ನೀವು ನೋಡ್ಕೊಳ್ಳಿ. ಬಾಣದ ಜವಾಬ್ದಾರಿ ನಂದು."

ಶನಿವಾರ ಅವನು ಬಾಣಗಳನ್ನು ಕೊಟ್ಟ. ಕೋಲೂ ಕಬ್ಬಿಣ, ಮೊನೆಯೂ ಕಬ್ಬಿಣ, ಮೊಳದುದ್ದ, ಹಿಂದಿನ ತುದಿಯಲ್ಲಿ ಒಂದೊಂದು ತೂತು.

"ಬಾಣಕ್ಕೆ ತೂತು ಯಾಕಪ್ಪ?" ಎಂದರು ಹೂವಪ್ಪನವರು.

"ದಾರ ಕಟ್ಕೊಳ್ಳೋಕೆ. ಗುರಿ ತಪ್ಪಿದ್ರೆ ವಾಪಸ್ ಎಳ್ಕೋಬಹುದು. ಯುದ್ಧದ ಕಾಲ ಸಾಬ್, ಕಬ್ಬಿಣ ಹಾಳು ಮಾಡಬಾರದು."

ಹೀಗೆ ಬಾಣ ಸಿದ್ಧವಾಗಿ, ಬಿಲ್ಲಿಲ್ಲದೆ, ಮರುದಿನವೇ ಬೇಟೆ ಎಂಬ ಸ್ಥಿತಿಯಲ್ಲಿ ಹೂವಪ್ಪನವರು ಶನಿವಾರ ಸಂಜೆ ರೈಲಿನಿಂದ ಇಳಿದರು. ಮೇಷ್ಟ್ರು ನಿಲ್ದಾಣದಲ್ಲೇ ಕಾದಿದ್ದರು. ಇಬ್ಬರೂ ಸಪ್ಪೆ ಮುಖ ಹಾಕಿಕೊಂಡು ಗಾಂಧಿ ಬಜಾರಿನಲ್ಲಿ ಬರುತ್ತಿರುವಾಗ, ಬಟ್ಟೆ ಅಂಗಡಿಗಳ ಹಿಂದಿನ ಓಣಿಯಿಂದ ಒಂದು ನಾದ ಕೇಳಿಸಿತು. ಠಂಯ್! ಠಂಯ್! ಠಂಯ್ಯ್!

ಮೇಷ್ಟ್ರು ನಿಂತುಬಿಟ್ಟರು. ಅವರ ಕಣ್ಣಲ್ಲಿ ನೀರಾಡಿತು. "ಹೂವಪ್ಪ," ಎಂದರು, "ಇದೇ!"

ಅದು ಪೀರ್ ಬಾಷಾ ಹತ್ತಿ ಹಿಂಜುತ್ತಿದ್ದ ಸದ್ದು. ಹಾಸಿಗೆ ದಿಂಬುಗಳ ಗಂಟು ಹತ್ತಿಯನ್ನು ಬಿಡಿಸಿ ಮೃದು ಮಾಡುವ ಅವನ ಬಿಲ್ಲನ್ನು ಶಿವಮೊಗ್ಗದಲ್ಲಿ ನೋಡದವರಿಲ್ಲ. ಆಳೆತ್ತರದ ಮರದ ದಂಡ, ತುದಿಯಲ್ಲಿ ಹಲಗೆ, ಬಿಗಿದು ಕಟ್ಟಿದ ಕರುಳಿನ ತಂತಿ. ಅದನ್ನು ಹತ್ತಿಯ ಮೇಲೆ ಹಿಡಿದು ಮರದ ಕೊಡತಿಯಿಂದ ತಂತಿಗೆ ಹೊಡೆದರೆ ಹತ್ತಿ ಮೋಡದ ಹಾಗೆ ಏಳುತ್ತದೆ. ಹುಟ್ಟಿದಾಗಿನಿಂದ ಅದನ್ನು ನೋಡಿದ್ದ ಇಬ್ಬರೂ ಆ ಸಂಜೆ ಮಾತ್ರ ಅದರಲ್ಲಿ ಹತ್ತಿಯನ್ನು ಕಾಣಲಿಲ್ಲ.

"ಇದರಲ್ಲಿ ಕಡವೆ ಹೊಡೀಬಹುದಾ ಪೀರ್ ಬಾಷಾ?" ಎಂದು ಹೂವಪ್ಪನವರು ಕೇಳಿದರು.

ಪೀರ್ ಬಾಷಾ ಯಾವ ಪ್ರಶ್ನೆಗೂ ಇಲ್ಲವೆಂದು ಹೇಳಿ ಗಿರಾಕಿಯ ಮನಸ್ಸು ನೋಯಿಸಿದವನಲ್ಲ. ಗಡ್ಡದಿಂದ ಹತ್ತಿ ತೆಗೆಯುತ್ತ ಯೋಚಿಸಿದ. "ನೋಡಿ ಸ್ವಾಮಿ, ಈ ಬಿಲ್ಲು ನಮ್ಮ ದಾದಾ ಕಾಲದ್ದು. ಇದರ ಆವಾಜಿಗೆ ನಮ್ಮ ಹಿತ್ತಲಿಗೆ ಒಂದು ಹೆಗ್ಗಣ ಬಂದಿಲ್ಲ ಇವತ್ತಿನವರೆಗೆ. ಹೆಗ್ಗಣಕ್ಕೇ ಹೀಗೆ ಅಂದ್ರೆ ಕಡವೆ ವಿಷಯ ನೀವೇ ಅಂದಾಜು ಮಾಡಿ."

ಮೇಷ್ಟ್ರು ಹೂವಪ್ಪನವರ ಕಡೆ ತಿರುಗಿ, ನಾನು ಹೇಳಲಿಲ್ಲವೇ ಎಂಬಂತೆ ಹುಬ್ಬು ಹಾರಿಸಿದರು.

"ಆದ್ರೆ ತಂತಿಗೆ ಬೆರಳು ಹಾಕ್ಬೇಡಿ, ಬೆರಳು ಹೋಗತ್ತೆ," ಎಂದ ಪೀರ್ ಬಾಷಾ. "ಈ ಕೊಡತೀಲೇ ಹೊಡೀಬೇಕು." ಒಳಗಿನಿಂದ ಅವನ ಹೆಂಡತಿ ಮೆಹಬೂಬ್ ಬೀಯ ದನಿ ಬಂತು: "ಸೋಮವಾರ ಬಿಲ್ಲು ವಾಪಸ್ ಬರ್ಲಿಲ್ಲ ಅಂದ್ರೆ ನಿಮ್ಮನ್ನೇ ಬಗ್ಗಿಸಿ ತಂತಿ ಕಟ್ತೀನಿ, ಹೇಳಿದ್ದೀನಿ!"

ಮನೆಗೆ ತಂದು ಹಿತ್ತಲಿನಲ್ಲಿ ಪರೀಕ್ಷೆ ಮಾಡಿದರು. ಹೂವಪ್ಪನವರು ತಂತಿಯ ಮೇಲೆ ಬಾಣವಿಟ್ಟು ಕೊಡತಿಯಿಂದ ಹೊಡೆದರು. ಠಂಯ್ ಎಂದು ಇಡೀ ಬೀದಿ ಅದುರಿತು. ಬಾಣ ಅವರ ಕಾಲಿನ ಹೆಬ್ಬೆರಳಿನ ಪಕ್ಕದಲ್ಲೇ ಬಿತ್ತು. "ಬಾಣ ಹೋಗ್ಲಿಲ್ಲವಲ್ಲ?" ಎಂದು ನಾನು ಕೇಳಿದೆ. ಮೇಷ್ಟ್ರು ನನ್ನನ್ನು ಕನಿಕರದಿಂದ ನೋಡಿದರು. "ಮಾಡಿನ ಮೇಲಿದ್ದ ಪಾರಿವಾಳ ಎಲ್ಲಿ?" ಎಂದರು. ಪಾರಿವಾಳ ಇರಲಿಲ್ಲ. ಸಾವಿತ್ರಮ್ಮನವರು ನಿಟ್ಟುಸಿರು ಬಿಟ್ಟು ಬಿಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದರು.

ಮುಂದಿನ ಸಂಗತಿಗಳನ್ನು ಹೂವಪ್ಪನವರು ಒಂದು ತರಹ ಹೇಳುತ್ತಾರೆ, ಬಸ್ಸಿನ ಕಂಡಕ್ಟರೂ ಆಯನೂರಿನವರೂ ಇನ್ನೊಂದು ತರಹ ಹೇಳುತ್ತಾರೆ. ಎಲ್ಲರೂ ಒಪ್ಪುವಷ್ಟನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಭಾನುವಾರ ಬೆಳಿಗ್ಗೆ ಹೂವಪ್ಪನವರು ಸಾಗರದ ಕಡೆಗೆ ಹೋಗುವ ಇದ್ದಿಲಿನ ಬಸ್ಸು ಹತ್ತಿದರು. ಪೆಟ್ರೋಲು ಸಿಗದ ಆ ದಿನಗಳಲ್ಲಿ ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಬಿಲ್ಲು ಬಸ್ಸಿನೊಳಗೆ ಹಿಡಿಸಲಿಲ್ಲ. ಅರ್ಧ ಒಳಗೆ, ಅರ್ಧ ಕಿಟಕಿಯ ಹೊರಗೆ ಇಟ್ಟುಕೊಂಡು ಕುಳಿತರು. ಆಯನೂರಿಗೆ ಇನ್ನು ಸ್ವಲ್ಪ ದೂರವಿದೆ ಎನ್ನುವಾಗ ರಸ್ತೆಗೆ ಅಡ್ಡ ಬಿದಿರು ಹಾಕಿ ನಿಂತಿದ್ದ ಅರಣ್ಯದ ಗಾರ್ಡು ಸಿದ್ದಯ್ಯ ಬಸ್ಸನ್ನು ನಿಲ್ಲಿಸಿದ.

ಆ ಹಂಗಾಮಿನಲ್ಲಿ ಕಡವೆ ಹೊಡೆಯಕೂಡದೆಂದು ಸರಕಾರದ ಕಟ್ಟಪ್ಪಣೆಯಿತ್ತು. ಗೌಡರು ಇದನ್ನು ಹೇಳಲು ಮರೆತಿದ್ದರು, ಹೂವಪ್ಪನವರು ಕೇಳಲು ಮರೆತಿದ್ದರು.

"ಯಾರದ್ರೀ ಈ ಬಿಲ್ಲು?" ಎಂದು ಸಿದ್ದಯ್ಯ ಮೀಸೆ ತಿರುವುತ್ತ ಒಳಗೆ ಬಂದ. "ಇವತ್ತು ಈ ಕಡೆ ಕಡವೆ ಬೇಟೆ ಇದೆ ಅಂತ ಸುದ್ದಿ ಬಂದಿದೆ ನಂಗೆ. ಸಿಕ್ಕಿದವನನ್ನ, ಅವನ ಜೊತೆಯವರನ್ನ ಎಲ್ಲ ಸೇರಿಸಿ ನೇರ ಜೈಲಿಗೆ. ನೀನು ಎಲ್ಲಿಗೆ ಹೊರಟೆ?"

ಹೂವಪ್ಪನವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ತಾನು ಸಿಕ್ಕಿಬಿದ್ದರೆ ಗೌಡರೂ ಸಿಕ್ಕಿಬೀಳುತ್ತಾರೆ. ಗೌಡರು ಜೈಲಿಗೆ ಹೋದರೆ ತಾಂಬೂಲ ಎಲ್ಲಿಯದು? ಬಾಗಿಲ ಮರೆಯಿಂದ ಮಾತಾಡಿದ ಮಗಳ ಮುಖ ಕಣ್ಣ ಮುಂದೆ ಬಂತು.

"ಹತ್ತಿ," ಎಂದರು. "ಹತ್ತಿ ಹಿಂಜೋಕೆ ಸ್ವಾಮಿ."

"ಈ ಕಬ್ಬಿಣದ್ದು?"

"ದಬ್ಬಣ. ಹಾಸಿಗೆ ಹೊಲಿಯೋ ದಬ್ಬಣ."

ಸಿದ್ದಯ್ಯ ಬಾಣವನ್ನು ಎತ್ತಿ ಹಿಂದಿನ ತೂತಿನೊಳಗಿಂದ ಹೂವಪ್ಪನವರನ್ನು ನೋಡಿದ. ತೂತು ನಿಜವಾಗಿಯೂ ಇತ್ತು. ಸಮಾಧಾನವಾಯಿತು.

ಅಷ್ಟರಲ್ಲಿ ಹಿಂದಿನ ಸೀಟಿನಿಂದ ಒಬ್ಬ ಮುದುಕಿ ಎದ್ದು ಬಂದು ಬಿಲ್ಲನ್ನು ತಡವಿದಳು. "ಇದು ಪೀರ್ ಬಾಷಾನ ಬಿಲ್ಲಲ್ವಾ? ಈ ಸುಟ್ಟ ಕಲೆ ನಂಗೆ ಗೊತ್ತು, ನಮ್ಮ ಪಡಸಾಲೆ ದೀಪ ತಾಗಿದ್ದು. ಅವನ ಕಡೆ ಆಳೇನೋ ನೀನು?"

ಹೂವಪ್ಪನವರು ಗಾರ್ಡನ ಮುಖ ನೋಡಿ ತಲೆಯಾಡಿಸಿದರು.

"ಒಳ್ಳೇದಾಯ್ತು. ಬಾ ಅಂತ ಎಷ್ಟು ಹೇಳಿ ಕಳ್ಸಿದ್ರೂ ಬರ್ಲಿಲ್ಲ ಅವನು. ನಮ್ಮನೇಲಿ ಮೊಮ್ಮಗನ ಮದುವೆ ಮಾತು ನಡೀತಿದೆ, ಹಾಸಿಗೆ ನೋಡಿದ್ರೆ ಎಲ್ಲ ಕಲ್ಲಾಗಿದೆ. ಇಳಿ ನನ್ನ ಜೊತೆ."

"ಯಾರು ಇವರು?" ಎಂದು ಹೂವಪ್ಪನವರು ಕಂಡಕ್ಟರನ ಕಿವಿ ಕಚ್ಚಿದರು.

"ಹುಚ್ಚಮ್ಮನೋರು. ಆಯನೂರು ರಾಮಚಂದ್ರಪ್ಪ ಗೌಡ್ರ ತಾಯಿ."

ಹೂವಪ್ಪನವರು ಬಿಲ್ಲಿನ ದಂಡದ ಹಿಂದೆ ಮುಖ ಮರೆಸಿಕೊಂಡರು. ಸಿದ್ದಯ್ಯನ ಮುಖ ಮಾತ್ರ ಅರಳಿತು. "ಅವ್ವಾ, ನಂದೂ ಒಂದು ದಿಂಬಿದೆ ಇಲ್ಲೇ ಗುಡಿಸಲಲ್ಲಿ. ತಲೆ ಇಟ್ರೆ ಕೊಬ್ಬರಿ ಮೇಲೆ ಇಟ್ಟಂಗಾಗತ್ತೆ. ತರ್ತೀನಿ. ಹೆಂಗೂ ಇವತ್ತು ಆಯನೂರಲ್ಲೇ ಕಾವಲು ನಂದು." ಎಂದವನೇ ದಿಂಬು ತಂದು ಅದೇ ಬಸ್ಸು ಹತ್ತಿ, ಹೂವಪ್ಪನವರ ಪಕ್ಕದಲ್ಲೇ ಕುಳಿತ.

ಗೌಡರ ಮನೆಯಲ್ಲಿ ಗಂಡಸರು ಒಬ್ಬರೂ ಇರಲಿಲ್ಲ. ಬೆಳಗಾಗುತ್ತಲೇ ದೊಣ್ಣೆ, ನಾಯಿ, ತೋಟಾ ಇಲ್ಲದ ಕೋವಿ ಎಲ್ಲ ತೆಗೆದುಕೊಂಡು ಕಾಡಿನ ಅಂಚಿಗೆ ಹೋಗಿ ಬಿಲ್ಲುಗಾರರಿಗಾಗಿ ಕಾಯುತ್ತಿದ್ದರು. ಬಿಲ್ಲುಗಾರರು ಇಲ್ಲಿ ಅಂಗಳದಲ್ಲಿ ನಿಂತಿದ್ದರು. ತಾನು ಹೆಣ್ಣಿನ ತಂದೆ ಎಂದರೆ, ಹಾಗಾದರೆ ಈ ಬಿಲ್ಲು ಯಾಕೆ ಎಂದು ಗಾರ್ಡು ಕೇಳುತ್ತಾನೆ. ಹೇಳದಿದ್ದರೆ ಅಲ್ಲಿ ಕಾದು ಕಾದು ಗೌಡರು ಕೆರಳುತ್ತಾರೆ. ಎರಡು ದಾರಿಯಲ್ಲೂ ಮದುವೆ ಮುರಿಯುತ್ತಿತ್ತು. ಮೂರನೆಯದು ತೋಚದೆ ಹೂವಪ್ಪನವರು ಹತ್ತಿಯ ಗುಡ್ಡೆಯ ಮುಂದೆ ಕುಳಿತರು.

ಠಂಯ್ ಎಂದಿತು ಬಿಲ್ಲು. ಹತ್ತಿ ಹಾರಿ ಹುಚ್ಚಮ್ಮನ ತಲೆಯ ಮೇಲೆ ಕುಳಿತಿತು.

"ಏ ಮಾರಾಯ! ತಂತಿ ಹತ್ತಿಗೆ ತಾಗ್ಬೇಕು ಕಣೋ, ನಿನ್ನ ಮೂಗಿಗಲ್ಲ! ಯಾರು ಕಲಿಸಿದ್ರು ನಿಂಗೆ ಈ ಕೆಲಸ?"

"ರಕ್ತದಲ್ಲೇ..." ಎಂದು ಶುರುಮಾಡಿದ ಹೂವಪ್ಪನವರು ಕೆಮ್ಮಿ ನಿಲ್ಲಿಸಿದರು.

ಬಿಲ್ಲಿನ ಠೇಂಕಾರದ ವಿಷಯದಲ್ಲಿ ಲಿಂಗಪ್ಪ ಮೇಷ್ಟ್ರು ಸುಳ್ಳು ಹೇಳಿರಲಿಲ್ಲ. ಅದು ಊರಿನ ಕೊನೆಯವರೆಗೂ ಕೇಳಿಸಿತು. ಕೇಳಿಸಿದ ಕೂಡಲೇ ಆಯನೂರಿನ ಹೆಂಗಸರೆಲ್ಲ ತಲೆಯ ಮೇಲೆ ಹಾಸಿಗೆ, ಕಂಕುಳಲ್ಲಿ ದಿಂಬು ಇಟ್ಟುಕೊಂಡು ಗೌಡರ ಅಂಗಳಕ್ಕೆ ಬಂದರು. ಒಬ್ಬಳು ಬಾಣಂತಿಯ ಹಾಸಿಗೆ ಮೊದಲು ಎಂದಳು, ಇನ್ನೊಬ್ಬಳು ತನ್ನ ಅತ್ತೆಯದು ಕೊನೆಗಿರಲಿ ಎಂದಳು. ಹುಚ್ಚಮ್ಮ ಖಾಜಾ ಪೀರನ ಬಾಣವೊಂದಕ್ಕೆ ದಾರ ಪೋಣಿಸಿ ಹಾಸಿಗೆ ಹೊಲಿಯಲು ಕುಳಿತು, "ದಬ್ಬಣ ಚೆನ್ನಾಗಿದೆ. ಹಿಂಜೋನು ಚೆನ್ನಾಗಿಲ್ಲ," ಎಂದು ತೀರ್ಪು ಕೊಟ್ಟಳು.

ಸಿದ್ದಯ್ಯ ಜಗಲಿಯ ಮೇಲೆ ಮಜ್ಜಿಗೆ ಕುಡಿಯುತ್ತ ಕುಳಿತಿದ್ದ. ಆಗಾಗ ಅವನಿಗೆ ಕರ್ತವ್ಯದ ನೆನಪಾಗುತ್ತಿತ್ತು. "ಕಾಡಿನ ಕಡೆ ಒಂದು ಸುತ್ತು ಹೋಗಿ ಬರ್ತೀನಿ," ಎಂದು ಅವನು ಎದ್ದಾಗಲೆಲ್ಲ ಹೂವಪ್ಪನವರಿಗೆ ಜೀವ ಹಾರಿಹೋಗುತ್ತಿತ್ತು. ಕೈಯಲ್ಲಿದ್ದ ಹಾಸಿಗೆ ಬಿಟ್ಟು ಸಿದ್ದಯ್ಯನ ದಿಂಬನ್ನು ಎಳೆದುಕೊಂಡು, "ಇದೋ ನಿಮ್ಮದೇ ಆಗ್ತಾ ಇದೆ ಸ್ವಾಮಿ, ಇನ್ನೇನು ಮುಗೀತು," ಎನ್ನುತ್ತಿದ್ದರು. ಸಿದ್ದಯ್ಯ ಕುಳಿತ ಮೇಲೆ ತುಂಬಿದ ಹತ್ತಿಯನ್ನು ಮೆಲ್ಲಗೆ ಹೊರಗೆ ತೆಗೆಯುತ್ತಿದ್ದರು. ಆ ದಿನ ಆ ದಿಂಬು ತುಂಬಿದ್ದೂ ಬರಿದಾದದ್ದೂ ಎಷ್ಟು ಸಲವೋ ದೇವರಿಗೇ ಗೊತ್ತು. ಕೈಯಲ್ಲಿ ಬೊಬ್ಬೆ ಎದ್ದವು, ಸೊಂಟ ಮತ್ತೆ ಬಗ್ಗಿತು, ಮೂಗಿನ ತುಂಬ ಹತ್ತಿ. ಆದರೂ ಅವರು ಎದ್ದವರಲ್ಲ.

ಸಂಜೆ ಬಿಸಿಲು ಇಳಿಯುತ್ತಿರುವಾಗ ಬೇಲಿಯಾಚೆ ಗೌಡರ ಗರ್ಜನೆ ಕೇಳಿಸಿತು.

"ಎಲ್ಲಿ ಸತ್ತ ಆ ಬಿಲ್ಲುಗಾರ? ಕಡವೆ ಬಂದು ನನ್ನ ಮೂಗಿನ ಮುಂದೆ ನಿಂತು ಸೊಪ್ಪು ತಿಂದು ಹೋಯ್ತು! ಬೆಳಗಿಂದ ಕಾಯ್ಸಿದ್ದಾನೆ ಸುಳ್ಳುಗಾರ! ಆ ಮನೆ ಹೆಣ್ಣು ಬೇಡವೇ ಬೇಡ, ಕೃಷ್ಣಪ್ಪ, ನಾಳೇನೇ ಹೇಳಿ ಕಳಿಸ್ತೀನಿ..."

ಇಷ್ಟು ಹೇಳುತ್ತ ಕೋವಿ ಹಿಡಿದು ಅಂಗಳಕ್ಕೆ ಕಾಲಿಟ್ಟವರು ಜಗಲಿಯ ಮೇಲೆ ಖಾಕಿ ಅಂಗಿಯನ್ನು ಕಂಡು ಅಲ್ಲೇ ನಿಂತರು. ಅವರ ಹಿಂದೆ ದೊಣ್ಣೆ ಹಿಡಿದು ಬರುತ್ತಿದ್ದ ಊರಿನವರೆಲ್ಲ ಒಬ್ಬರ ಬೆನ್ನಿಗೊಬ್ಬರು ಡಿಕ್ಕಿ ಹೊಡೆದು ನಿಂತರು.

ಸಿದ್ದಯ್ಯ ಮಜ್ಜಿಗೆಯ ಲೋಟ ಕೆಳಗಿಟ್ಟ. "ಕಡವೇನಾ ಗೌಡ್ರೆ? ಯಾವ ಕಡವೆ?"

ಆಗ ಅಂಗಳದ ನಡುವಿದ್ದ ಹತ್ತಿಯ ಗುಡ್ಡೆ ಒಂದು ಸಲ ಸೀನಿತು. ಆಮೇಲೆ ಎದ್ದು ನಿಂತಿತು. ಕೂದಲು, ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿದ್ದ ಆ ಆಕಾರವನ್ನು ಗೌಡರು ಗುರುತಿಸಲಿಲ್ಲ. ಕೃಷ್ಣಪ್ಪ ಗುರುತಿಸಿದ.

"ಮಾವ!" ಎಂದುಬಿಟ್ಟ.

"ಮಾವನಾ?" ಸಿದ್ದಯ್ಯ ಜಗಲಿಯಿಂದ ಇಳಿದು ಬಂದ. "ಪೀರ್ ಬಾಷಾನ ಆಳು ನಿಂಗೆ ಮಾವ ಹೆಂಗಾದ? ಹಂಗಾದ್ರೆ ಇವರು ಯಾರು? ಈ ಬಿಲ್ಲು ಯಾಕೆ? ನಿಮ್ಮ ಕೈಲಿ ಕೋವಿ ಯಾಕೆ ಗೌಡ್ರೆ? ಇಷ್ಟು ಜನಕ್ಕೆ ದೊಣ್ಣೆ ಯಾಕೆ?"

ಗೌಡರು ಬಿಲ್ಲನ್ನು ನೋಡಿದರು, ಹೂವಪ್ಪನವರ ಬೊಬ್ಬೆ ಎದ್ದ ಕೈಗಳನ್ನು ನೋಡಿದರು, ಗಾರ್ಡನ್ನು ನೋಡಿದರು. ಬೆಳಗಿನಿಂದ ಈ ಮನುಷ್ಯ ಇಲ್ಲಿ ಯಾಕೆ ಕುಳಿತಿದ್ದಾನೆ, ಗಾರ್ಡು ಕಾಡಿಗೆ ಯಾಕೆ ಬರಲಿಲ್ಲ ಎಂಬುದು ಅವರಿಗೆ ಆ ಗಳಿಗೆಯಲ್ಲಿ ತಿಳಿಯಿತು. ಬೇಟೆಗಾರನ ಬುದ್ಧಿ, ಬೇಗ ಓಡಿತು.

"ಬೀಗರೇ! ಬಂದ್ಬಿಟ್ರಾ?" ಎಂದು ಹೂವಪ್ಪನವರನ್ನು ಹತ್ತಿ ಸಮೇತ ತಬ್ಬಿಕೊಂಡರು. "ಸಿದ್ದಯ್ಯ, ಇವರು ನಮ್ಮ ಬೀಗರಪ್ಪ, ಹೆಣ್ಣಿನ ತಂದೆ. ನಮ್ಮಲ್ಲಿ ಒಂದು ಪದ್ಧತಿ ಇದೆ. ಮದುವೆ ಹಾಸಿಗೆಗೆ ಹೆಣ್ಣಿನಪ್ಪ ತನ್ನ ಕೈಯಾರೆ ಹತ್ತಿ ಹಿಂಜಬೇಕು, ಗಂಡಿನ ಕಡೆಯೋರು ದೊಣ್ಣೇಲಿ ಬಡೀಬೇಕು. ಅದಕ್ಕೇ ದೊಣ್ಣೆ."

"ಕೋವಿ?"

"ತೋಟಾ ಇಲ್ಲದ ಕೋವಿ ದೊಣ್ಣೆ ಅಲ್ದೆ ಇನ್ನೇನು ಮಾರಾಯ?"

ಸಿದ್ದಯ್ಯ ಮೀಸೆ ತಿರುವಿದ. "ಬೀಗರು ಅಂದ್ರಲ್ಲ, ತಾಂಬೂಲ ಆಗಿದ್ಯಾ?"

"ಈಗ... ಈಗ ಆಗತ್ತೆ."

"ಆಗ್ಲಿ. ನನ್ನ ಮುಂದೇನೇ ಆಗ್ಲಿ."

ಹೀಗೆ ಸರಕಾರದ ಸಮ್ಮುಖದಲ್ಲಿ, ಹತ್ತಿಯ ನಡುವೆ, ಎರಡು ತಟ್ಟೆ ಎಲೆ ಅಡಿಕೆ ತೆಂಗಿನಕಾಯಿ ಬಂದು, ತಾಂಬೂಲ ಬದಲಾಯಿತು. ಹೂವಪ್ಪನವರ ಬೊಬ್ಬೆ ಎದ್ದ ಕೈಯಲ್ಲಿ ನಿಲ್ಲದ ತಟ್ಟೆಯನ್ನು ಕೃಷ್ಣಪ್ಪನೇ ಹಿಡಿದುಕೊಳ್ಳಬೇಕಾಯಿತು. ಹುಚ್ಚಮ್ಮ ದಬ್ಬಣ ಬಿಟ್ಟು ಎದ್ದು ಬಂದಳು.

"ಬೆಳಗಿಂದ ಬಾಯಿಗೆ ಬಂದಂಗೆ ಬೈದೆನಲ್ಲಪ್ಪ ನಿನ್ನ. ಹೆಣ್ಣಿನಪ್ಪ ಅಂತ ಒಂದು ಮಾತು ಹೇಳಬಾರದಾಗಿತ್ತಾ?"

"ಹೇಳಿದ್ರೆ ಮದುವೆ ನಿಂತುಹೋಗ್ತಿತ್ತು ಅವ್ವ," ಎಂದರು ಹೂವಪ್ಪನವರು. ಕಣ್ಣಲ್ಲಿ ನೀರು ಬಂತು. "ನನ್ನ ಮಗಳಿಗೆ ನಿಮ್ಮ ಹುಡುಗ ಬೇಕಂತೆ."

ಹುಚ್ಚಮ್ಮ ಅವರ ಹುಬ್ಬಿನ ಮೇಲಿನ ಹತ್ತಿಯನ್ನು ತನ್ನ ಸೆರಗಿನಿಂದ ಒರೆಸಿದಳು. ಆಮೇಲೆ ಮಗನ ಕಡೆ ತಿರುಗಿದಳು. "ಏನು ಕಣ್ ಕಣ್ ಬಿಡ್ತೀಯ ರಾಮಚಂದ್ರ? ಪದ್ಧತಿ ಅಂದ್ಯಲ್ಲ. ಬಡಿ."

ಗಾರ್ಡು ಮತ್ತೆ ಜಗಲಿ ಹತ್ತಿ ಕುಳಿತ. ಆಯನೂರಿನ ಸೀಮೆಯಲ್ಲೇ ಹೆಸರಾದ ಬೇಟೆಗಾರರೆಲ್ಲ ಸಾಲಾಗಿ ಕುಳಿತು ಹತ್ತಿ ಬಡಿದರು. ಗೌಡರು ಕೋವಿಯ ಹಿಡಿಯಿಂದ ಬಡಿದರು. ಎಲ್ಲರಿಗಿಂತ ಜೋರಾಗಿ ಬಡಿದವನು ಕೃಷ್ಣಪ್ಪ. ಊರಿನ ಹೆಂಗಸರು ಗಂಡಂದಿರು ಕೆಲಸ ಮಾಡುವುದನ್ನು ನೋಡಲು ಬೇಲಿಯ ಸುತ್ತ ಒತ್ತಿಕೊಂಡು ನಿಂತರು. ದೀಪ ಹಚ್ಚುವ ಹೊತ್ತಿಗೆ ಆಯನೂರಿನಲ್ಲಿ ಗಂಟು ಹತ್ತಿಯ ಒಂದು ಹಾಸಿಗೆಯೂ ಉಳಿಯಲಿಲ್ಲ.

ಸಿದ್ದಯ್ಯ ತನ್ನ ದಿಂಬನ್ನು ಒತ್ತಿ ನೋಡಿ ಕಂಕುಳಲ್ಲಿ ಇಟ್ಟುಕೊಂಡು, ಅಂಗಳದ ಬಾಗಿಲಿನವರೆಗೆ ಹೋದವನು ತಿರುಗಿದ.

"ಒಳ್ಳೇ ಪದ್ಧತಿ ಗೌಡ್ರೆ. ನನ್ನ ಮಗಳಿಗೂ ಗಂಡು ಗೊತ್ತಾಗಿದೆ. ಮುಂದಿನ ಭಾನುವಾರ ನಿಮ್ಮ ಬೇಟೆಗಾರರನ್ನೆಲ್ಲ ನಮ್ಮನೆಗೆ ಕಳಿಸ್ಕೊಡಿ. ಹಾಸಿಗೆ ಬಹಳ ಇವೆ."

ಬೇಟೆಗಾರರು ಎಂಬ ಮಾತನ್ನು ಅವನು ನಿಧಾನವಾಗಿ ಹೇಳಿದ. ಗೌಡರು ಮೀಸೆಯಲ್ಲಿದ್ದ ಹತ್ತಿಯನ್ನು ಊದಿ, ಕೋವಿಯನ್ನು ಗೋಡೆಗೆ ಒರಗಿಸಿ, "ಆಗ್ಲಿ ಮಾರಾಯ, ನಾನೇ ಬರ್ತೀನಿ," ಎಂದರು.